ಗುಡುಗಿಗೆ ಪ್ಲಗ್ ತೆಗೆಯುವವರು

ಕೊಯಮತ್ತೂರಿನವರು ಹೊಸ ಪಿನ್‌ಬಾಲ್ ಮಿಷನ್ ಬಿಟ್ಟಿದ್ದಾರೆ. ನಮ್ಮ ವಾಟ್ಸ್ಆ್ಯಪ್ ಗುಂಪಿಗೆ ಅದರ ವಿಡಿಯೊ ಬಂದು ಬಿದ್ದಾಗ ನಾನು ಒಬ್ಬ ಅಜ್ಜಿಗೆ ಗೋಡೆಯ ಅಕ್ಷರ ಓದಿಸುತ್ತಿದ್ದೆ. ಪುತ್ತೂರಿನಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡವನಿಗೆ ದಿನವಿಡೀ ಇದೇ ಪಾಡು. ಮೇಲಿನ ಸಾಲು ಓದಿ, ಈಗ ಕೆಳಗಿನದ್ದು, ಈಗ ಕಾಣ್ತದಾ, ಈಗ? ಸಂಜೆಯಾಗುವಾಗ ನನಗೇ ಏನೂ ಕಾಣುವುದು ಬೇಡ ಅನಿಸುತ್ತದೆ. ಅಜ್ಜಿ ಎದ್ದು ಹೋದ ಮೇಲೆ ಫೋನ್ ತೆಗೆದರೆ ಆಗಲೇ ಜಗಳ ಶುರುವಾಗಿತ್ತು. ಸಂಪಾಜೆಯ ಮೇಷ್ಟ್ರಿಗೆ ವಿಡಿಯೊ ನೋಡಿಯೇ ಹುಚ್ಚು ಹಿಡಿದಿತ್ತು. ಕೋಡಿಂಬಾಳದ ರಬ್ಬರ್ ವ್ಯಾಪಾರಿ, ಅವರನ್ನು ನಾವು ರಬ್ಬರಿನವರು ಎನ್ನುವುದು, "ಬರೀ ಪ್ಲಾಸ್ಟಿಕ್ಕು" ಎಂದು ಬರೆದಿದ್ದರು. ಮೊದಲಾದರೆ ಇಷ್ಟು ಹೊತ್ತಿಗೆ ಇಲ್ಲೇ ಪಕ್ಕದ ಸವಣೂರಿನಿಂದ ಒಂದು ವಾಯ್ಸ್ ಮೆಸೇಜ್ ಬಂದು ಇಬ್ಬರ ಬಾಯಿಯನ್ನೂ ಮುಚ್ಚಿಸುತ್ತಿತ್ತು. ಮೊದಲು ಗಂಟಲು ಸರಿಮಾಡುವ ಸದ್ದು, ಹಿಂದಿನಿಂದ ಬೇಕರಿಯ ಓವನ್ ಕಿರುಚುವುದು, ಆಮೇಲೆ "ನೋಡಿ, ಎಂತ ಅಂದ್ರೆ..." ಈ ಸಲ ಬರಲಿಲ್ಲ. ಬರುವುದಿಲ್ಲ ಎಂದು ಗೊತ್ತಿದ್ದೂ ನಾನು ಸ್ವಲ್ಪ ಹೊತ್ತು ಫೋನ್ ಹಿಡಿದುಕೊಂಡು ಕೂತೆ.

ಪಿನ್‌ಬಾಲ್ ಎಂದರೆ ಏನೆಂದು ಜನರಿಗೆ ಹೇಳಿ ಹೇಳಿ ಸಾಕಾಗಿದೆ. ಆದರೂ ಹೇಳದೆ ಆಗುವುದಿಲ್ಲ. ನಾಲ್ಕು ಕಾಲಿನ ಒಂದು ದೊಡ್ಡ ಪೆಟ್ಟಿಗೆ, ಮೇಲೆ ಗಾಜು, ಗಾಜಿನ ಕೆಳಗೆ ತುಸು ಇಳಿಜಾರಾದ ಹಲಗೆ. ಸ್ಪ್ರಿಂಗ್ ಎಳೆದು ಬಿಟ್ಟರೆ ಉಕ್ಕಿನ ಗುಂಡು ಮೇಲಕ್ಕೆ ಹೋಗಿ ಅಲ್ಲಿ ಇಲ್ಲಿ ಬಡಿದು, ದೀಪ ಹೊತ್ತಿಸಿ, ಗಂಟೆ ಹೊಡೆಸಿ ಕೆಳಗೆ ಬರುತ್ತದೆ. ಕೆಳಗೆ ಎರಡು ಪುಟ್ಟ ಕೈಗಳು. ಪೆಟ್ಟಿಗೆಯ ಬದಿಯ ಬಟನ್ ಒತ್ತಿದರೆ ಅವು ಗುಂಡನ್ನು ಪುನಃ ಮೇಲಕ್ಕೆ ಹೊಡೆಯುತ್ತವೆ. ಕೈಗಳ ನಡುವಿನ ಸಂದಿಗೆ ಬಿದ್ದರೆ ಆಟ ಹೋಯಿತು. ಇಷ್ಟಕ್ಕೆ ತಲೆ ನರೆತ ನಾಲ್ಕು ಜನ ಸವಣೂರಿನ ಒಂದು ಬೇಕರಿಯ ಹಿಂದಿನ ಕೋಣೆಯಲ್ಲಿ ಸೇರುತ್ತಿದ್ದೆವು ಎಂದರೆ ನನ್ನ ಹೆಂಡತಿ ನಂಬಲೇ ಇಲ್ಲ. ಒಂದು ದಿನ ತಾನೇ ಬಂದು ನೋಡಿದಳು. "ಇದಾ? ನಾನು ಬೇರೆ ಎಂತದೋ ಅಂತ ಹೆದರಿದ್ದೆ" ಎಂದು ಎರಡು ಪಪ್ಸ್ ತಿಂದು ಹೋದಳು.

ಬೇಕರಿ ಆ ವಾಯ್ಸ್ ಮೆಸೇಜಿನವರದ್ದು. ಊರಿಗೆಲ್ಲ ಕಾಕ, ನಮಗೂ ಕಾಕ. ಗಲ್ಫಿನಲ್ಲಿ ಬಹಳ ವರ್ಷ ಇದ್ದು ಬಂದ ಬ್ಯಾರಿ. ಅಲ್ಲಿ ಒಂದು ಆಟದ ಹಾಲ್‌ನಲ್ಲಿ ಮಿಷನ್‌ಗಳ ಗಾಜು ಒರೆಸುವ ಕೆಲಸವಂತೆ. ಬಾಗಿಲು ಹಾಕಿದ ಮೇಲೆ ಕೆಲಸದವರಿಗೆ ಒಂದೊಂದು ಆಟ ಬಿಟ್ಟಿ. ಎಲ್ಲರೂ ಊರಿಗೆ ಸೆಂಟು, ಕಂಬಳಿ ತಂದರೆ ಇವರು ಅಲ್ಲಿ ಸವೆದು ಬಿಸಾಡಿದ ಒಂದು ಉಕ್ಕಿನ ಗುಂಡನ್ನು ಜೇಬಿನಲ್ಲಿಟ್ಟುಕೊಂಡು ಬಂದರು.

"ಏರ್‌ಪೋರ್ಟಿನಲ್ಲಿ ಹಿಡಿದ್ರು ಮಾರಾಯ್ರೆ. ಇದು ಎಂತ ಅಂತ ಕೇಳಿದ. ಆಟ ಅಂತ ಹೇಳಿದೆ. ಪಾಪ, ಅವನಿಗೆ ನಗೆ ಬಂತು, ಬಿಟ್ಟ."

ಮಿಷನ್ ಬಂದದ್ದು ಎಷ್ಟೋ ವರ್ಷದ ನಂತರ. ಕೊಯಮತ್ತೂರಿನ ಹತ್ತಿರ ಇಬ್ಬರು ಗೆಳೆಯರು ಪಂಪ್‌ಸೆಟ್ಟಿನ ಕಾಯಿಲ್ ಸುತ್ತುವ ತಮ್ಮ ಶೆಡ್ಡಿನಲ್ಲಿ ಪಿನ್‌ಬಾಲ್ ಮಾಡುತ್ತಾರೆ ಎಂದು ಕಾಕನಿಗೆ ಫೋನಿನ ವಿಡಿಯೊದಿಂದ ಗೊತ್ತಾಯಿತು. ಅವರು ಮಾಡಿದ ಮೊದಲ ಮಿಷನ್ನಿನ ಹೆಸರು 'ಕಾಡಾನೆ'. ಹಲಗೆಯ ನಡುವೆ ಒಂದು ಆನೆ, ಗುಂಡು ತಾಗಿದರೆ ಸೊಂಡಿಲು ಎತ್ತುತ್ತದೆ. ಕಾಡಾನೆ ಬಂದು ತೋಟ ತುಳಿಯುವ ಸೀಮೆಗೆ ಅದನ್ನು ಬೇರೆ ತರಿಸಬೇಕಾ ಎಂದು ಊರಿನವರು ತಮಾಷೆ ಮಾಡಿದರು. ಕಾಕ ಬ್ರೆಡ್ಡಿನ ಟ್ರೇಗಳನ್ನು ಒಂದು ಬದಿಗೆ ಸರಿಸಿ, ಹಿಂದಿನ ಕೋಣೆಯಲ್ಲಿ ಮಿಷನ್ ನಿಲ್ಲಿಸಿ, ನಾಣ್ಯ ಹಾಕುವ ತೂತಿಗೆ ಟೇಪ್ ಅಂಟಿಸಿದರು. ಯಾರು ಬೇಕಾದರೂ ಆಡಬಹುದು.

ನನಗೆ ಅವರು ಪರಿಚಯವಾದದ್ದೇ ಜಗಳದಲ್ಲಿ. ಕನ್ನಡಕ ಬೇಕೆಂದು ಅಂಗಡಿಗೆ ಬಂದಿದ್ದರು.

"ಓದಲಿಕ್ಕಾ, ದೂರ ನೋಡ್ಲಿಕ್ಕಾ?" ಎಂದು ಕೇಳಿದೆ.

"ಎರಡೂ ಅಲ್ಲ. ಗುಂಡು ನೋಡ್ಲಿಕ್ಕೆ."

ನಮ್ಮ ಪುತ್ತೂರು, ಸುಳ್ಯ ಕಡೆ ಗುಂಡು ಎಂದರೆ ಮೊದಲು ನೆನಪಾಗುವುದು ತೋಟ ಕಾಯುವ ಕೋವಿ. "ಲೈಸೆನ್ಸ್ ಉಂಟಾ?" ಎಂದೆ. "ಬೇಕರಿದ್ದು ಉಂಟು" ಎಂದರು. ಅರ್ಧ ಗಂಟೆ ತಲೆ ತಿಂದು, ಕೊನೆಗೆ, "ಇಲ್ಲಿ ಕೂತು ನಿಮಗೆ ಗೊತ್ತಾಗುದಿಲ್ಲ, ಬಂದು ಅಳತೆ ತೆಗೀರಿ" ಎಂದು ಎದ್ದು ಹೋದರು. ಹಟ ನನಗೂ ಕಡಿಮೆ ಇಲ್ಲ. ಭಾನುವಾರ ಟೇಪು ಹಿಡಿದುಕೊಂಡು ಸವಣೂರಿಗೆ ಹೋದೆ. ಅವರ ಮೂಗಿನಿಂದ ಆನೆಯ ಸೊಂಡಿಲಿನವರೆಗೆ ಅಳತೆ ತೆಗೆದೆ. "ಒಂದು ಕೈ ನೋಡಿ" ಎಂದರು. ನೋಡಿದೆ. ಗುಂಡು ಕಣ್ಣು ಮುಚ್ಚಿ ತೆರೆಯುವುದರೊಳಗೆ ಸಂದಿಗೆ ಬಿತ್ತು. ಎಂತ ದರಿದ್ರ ಆಟ ಎಂದು ಇನ್ನೊಂದು ಸಲ ಸ್ಪ್ರಿಂಗ್ ಎಳೆದೆ. ಅವತ್ತು ಮನೆಗೆ ಊಟಕ್ಕೆ ಮುಟ್ಟಲಿಲ್ಲ.

ಅವರು ಆಡುವುದನ್ನು ನೋಡಬೇಕಿತ್ತು. ರಬ್ಬರಿನವರು ಮಿಷನ್ನನ್ನು ಸೊಂಟದಿಂದ ಗುದ್ದುತ್ತಾರೆ. ಮೇಷ್ಟ್ರು ಗುಂಡಿಗೆ ಬೈಯುತ್ತಾರೆ. ಕಾಕ ಮಾತ್ರ ಕೋಳಿಗೆ ಅಕ್ಕಿ ಹಾಕುವಾಗ ಕರೆಯುವ ಹಾಗೆ "ಬಾ, ಬಾ, ಬಾ" ಎಂದು ಮೆಲ್ಲಗೆ ಕರೆಯುವರು. ಬಟನ್‌ಗಳ ಮೇಲೆ ಯಾವಾಗಲೂ ಮೈದಾದ ಬಿಳಿ ಬೆರಳಚ್ಚು. ಆಟದ ನಡುವೆ ಬಾಂಗ್ ಕೇಳಿಸಿದರೆ ಎರಡೂ ಕೈ ತೆಗೆದುಬಿಡುವರು. ಗುಂಡು ಎಷ್ಟೇ ಒಳ್ಳೆಯ ಜಾಗದಲ್ಲಿರಲಿ, ತಿರುಗಿಯೂ ನೋಡದೆ ಟೊಪ್ಪಿ ಹಾಕಿಕೊಂಡು ಮಸೀದಿಗೆ ಹೊರಡುವರು. ಒಮ್ಮೆ ರಬ್ಬರಿನವರು ತಡೆಯಲಾರದೆ ಅವರ ಆಟವನ್ನು ತಾವು ಮುಂದುವರಿಸಿದರು. ವಾಪಸು ಬಂದ ಕಾಕನಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಬೀಳುದನ್ನು ಬೀಳ್ಲಿಕ್ಕೆ ಬಿಡಿ ಮಾರಾಯ್ರೆ. ಅದು ನನ್ನ ಗುಂಡು."

ಬೇಕರಿಯ ಎದುರು ಬೋರ್ಡ್ ಎಂದು ಅವರದ್ದೊಂದು ಸ್ಲೇಟು ತೂಗುತ್ತಿತ್ತು. ಬನ್ಸ್ ಉಂಟು, ಪಪ್ಸ್ ಉಂಟು, ಹಾಲು ಇಲ್ಲ ಎಂದು ದಿನವೂ ಸೀಮೆಸುಣ್ಣದಲ್ಲಿ ಬರೆಯುವರು. ಮಸೀದಿಗೋ ಮನೆಗೋ ಹೋಗುವಾಗ ಎಲ್ಲ ಒರೆಸಿ ಒಂದೇ ಶಬ್ದ ಬರೆದು ಹೋಗುವರು: ಉಂಟು. ಎಂದರೆ ಅಂಗಡಿ ಉಂಟು, ನಾನು ಉಂಟು, ಈಗ ಬಂದೆ, ಕೂತಿರಿ. ಘಟ್ಟದ ಮೇಲಿನ ಒಬ್ಬರು ಕಾರು ನಿಲ್ಲಿಸಿ, "ಏನುಂಟು?" ಎಂದು ಕೇಳಿದ್ದರಂತೆ. "ಎಲ್ಲ ಉಂಟು, ಎಂತ ಬೇಕು?" ಎಂದರಂತೆ ಇವರು.

ಕಾಡಾನೆಯಲ್ಲಿ ಒಳ್ಳೆಯ ಆಟ ಆಡಿದವರು ಹೆಸರು ಬರೆಯಬಹುದು. ಬರೀ ಮೂರು ಇಂಗ್ಲಿಷ್ ಅಕ್ಷರ. ಎದುರಿನ ಪರದೆಯಲ್ಲಿ ಐದು ಸಾಲು, ಐದು ಜನರ ಹೆಸರು ಕೆಂಪಗೆ ಉರಿಯುತ್ತಿರುತ್ತದೆ. ನಾವೆಲ್ಲ ನಮ್ಮ ನಮ್ಮ ಇನಿಶಿಯಲ್ ಹಾಕಿದೆವು. ಕಾಕ ಹಾಕಿದ್ದು ಯು, ಎನ್, ಟಿ. ಉಂಟು. ವಾಟ್ಸ್ಆ್ಯಪ್ ಗುಂಪಿನಲ್ಲಿ ಕೊಯಮತ್ತೂರಿನ ಗೆಳೆಯರಿಬ್ಬರೂ ಇದ್ದಾರೆ. ಅವರು ಪಟ್ಟಿಯ ಫೋಟೊ ನೋಡಿ ಅದೇನೋ ಯೂನಿವರ್ಸಿಟಿ ಇರಬೇಕು ಎಂದುಕೊಂಡಿದ್ದರು. ಮೇಷ್ಟ್ರು ಅರ್ಥ ಹೇಳಿದ ಮೇಲೆ ಅವರಿಗೂ ಅಭ್ಯಾಸವಾಯಿತು. ಕಾಕ ಫೋನ್ ತೆಗೆಯದಿದ್ದರೆ, "ಉಂಟು ಎಲ್ಲಿ?" ಎಂದು ಬರೆಯುತ್ತಿದ್ದರು.

ಆ ಮಿಷನ್ನಿನಲ್ಲಿ ಒಂದು ದೊಡ್ಡ ಕೊರತೆ ಇತ್ತು. ಪ್ಲಗ್ ತೆಗೆದರೆ ಎಲ್ಲ ಮರೆತುಬಿಡುತ್ತದೆ. ಹೆಸರು, ಅಂಕ, ಒಂದೂ ಉಳಿಯುವುದಿಲ್ಲ. ಕರೆಂಟು ಹೋದರೆ ಚಿಂತೆ ಇಲ್ಲ, ಬೇಕರಿಯ ಇನ್ವರ್ಟರ್ ಹಿಡಿದುಕೊಳ್ಳುತ್ತದೆ. ಆದರೆ ಗುಡುಗು? ನಮ್ಮ ಊರಿನಲ್ಲಿ ಗುಡುಗು ಕೇಳಿದರೆ ಜನ ಮೊದಲು ಓಡುವುದು ಪ್ಲಗ್ ತೆಗೆಯಲಿಕ್ಕೆ. ಟಿ.ವಿ., ಫ್ರಿಡ್ಜು, ಮೋಡೆಮ್ಮು, ಎಲ್ಲ. ಒಣಗಿಸಿದ ಬಟ್ಟೆ ಆಮೇಲೆ. ಎಲ್ಲ ಮನೆಯಲ್ಲೂ ಸಿಡಿಲಿಗೆ ಸುಟ್ಟ ಏನಾದರೊಂದು ಅಟ್ಟದ ಮೇಲಿರುತ್ತದೆ. ಅದರಲ್ಲಿ ಕಾಕ ಎಲ್ಲರಿಗಿಂತ ಮುಂದೆ. ಘಟ್ಟದ ಕಡೆ ಎಲ್ಲೋ ಒಂದು ಗುರ್ ಎಂದರೆ ಸಾಕು, ಯಾರ ಆಟ ನಡೆಯುತ್ತಿದೆ, ಯಾರ ಹೆಸರು ಮೇಲಿದೆ ಎಂದು ನೋಡದೆ ಪ್ಲಗ್ ಎಳೆಯುವರು. ರಬ್ಬರಿನವರು ಜೀವಮಾನದಲ್ಲಿ ಒಂದೇ ಸಲ ಕಾಕನನ್ನು ಹಿಂದೆ ಹಾಕಿ ಮೊದಲ ಸಾಲಿಗೆ ಬಂದಿದ್ದರು. ಅವತ್ತೇ ಸಂಜೆ ಗುಡುಗಿತು.

"ಅಯ್ಯೋ ಕಾಕ, ಒಂದು ಫೋಟೊ ಆದ್ರೂ..."

"ನಾಳೆ ಪುನಃ ಮಾಡುವ ಮಾರಾಯ್ರೆ. ಮಿಷನ್ ಉಂಟಲ್ಲ."

ಮಳೆ ನಿಂತ ಮೇಲೆ ಪ್ಲಗ್ ಹಾಕಿ ಅವರೇ ಮೊದಲು ಆಡಬೇಕು. ಅದೊಂದು ಕ್ರಮ. ಗುಂಡು ಬಿಟ್ಟು ಸುಮ್ಮನೆ ಕೈ ಕಟ್ಟಿ ನಿಲ್ಲುವರು. ಅದು ಬಿದ್ದ ಮೇಲೆ, ಪಟ್ಟಿ ಖಾಲಿಯಲ್ಲವೇ, ಎಷ್ಟು ಕಡಿಮೆ ಅಂಕವಾದರೂ ಹೆಸರು ಕೇಳುತ್ತದೆ. ಯು, ಎನ್, ಟಿ ಎಂದು ಒತ್ತಿ ಬದಿಗೆ ಸರಿಯುವರು. "ಇದು ಆಟ ಅಲ್ಲ, ಬೋರ್ಡ್ ಹಾಕುದು. ಇನ್ನು ಆಡಿ."

ಜೂನ್ ತಿಂಗಳಲ್ಲಿ ತೀರಿಹೋದರು. ಬೆಳಿಗ್ಗೆ ಬನ್ಸ್ ಎಣ್ಣೆಗೆ ಬಿಡುವಾಗ ಎದೆ ಹಿಡಿದುಕೊಂಡು ಕೂತರಂತೆ. ಪುತ್ತೂರಿಗೆ ತರುವಷ್ಟರಲ್ಲಿ ಮುಗಿದಿತ್ತು. ಆ ಆ್ಯಂಬುಲೆನ್ಸ್ ನನ್ನ ಅಂಗಡಿಯ ಎದುರಿನಿಂದಲೇ ಹೋಯಿತು. ಅದರ ಸದ್ದಿಗೆ ಎದುರು ಕೂತಿದ್ದವರು ಅಕ್ಷರ ತಪ್ಪು ಓದಿದರು, ನಾನು ಪುನಃ ಓದಿಸಿದೆ. ಒಳಗೆ ಯಾರೆಂದು ಗೊತ್ತಾದದ್ದು ಮಧ್ಯಾಹ್ನ. ಸಂಜೆ ಮಸೀದಿಯ ಅಂಗಳದ ಹೊರಗೆ ನಾವು ಮೂವರು ಕೊಡೆ ಹಿಡಿದು ನಿಂತೆವು. ಮಳೆಗೆ ಒಳಗಿನದ್ದು ಏನೂ ಕೇಳಿಸುತ್ತಿರಲಿಲ್ಲ.

ಅವರ ಹೆಂಡತಿಯನ್ನು ನಾವು ಅಕ್ಕ ಎನ್ನುತ್ತೇವೆ. ಗಂಡ ಹೋದ ಮೇಲೆ ಅವರ ಪದ್ಧತಿಯಂತೆ ನಾಲ್ಕು ತಿಂಗಳಿಗೂ ಮಿಕ್ಕಿ ಮನೆಯೊಳಗೇ ಇದ್ದರು. ಬೇಕರಿ ನೋಡಿಕೊಂಡದ್ದು ಅಳಿಯ. ಒಳ್ಳೆಯವನೇ, ಆದರೆ ಈಗಿನ ಕಾಲದವನು. ಸ್ಲೇಟು ತೆಗೆದು ಫ್ಲೆಕ್ಸ್ ಹಾಕಿಸಿದ. ಹಿಂದಿನ ಕೋಣೆಯ ಮಿಷನ್ ತೆಗೆದು ಅಲ್ಲಿ ಐಸ್‌ಕ್ರೀಮಿನ ಫ್ರೀಜರ್ ಇಡಬೇಕೆಂದ. ಅಕ್ಕ ಮನೆಯಿಂದ ಹೇಳಿ ಕಳಿಸಿದರಂತೆ: "ಅದನ್ನು ಮುಟ್ಟುದು ಬೇಡ. ಉರೀಲಿ."

ಏಕೆಂದರೆ ಮೊದಲ ಸಾಲಿನಲ್ಲಿ ಯು, ಎನ್, ಟಿ ಇತ್ತು. ತೀರಿಹೋಗುವ ಮೊದಲಿನ ವಾರ ಕಾಕ ಆಡಿದ ಆಟ ಅದು. ಅಂಥ ಆಟ ನಾವು ಯಾರೂ ನೋಡಿರಲಿಲ್ಲ. ನಮ್ಮ ಕಡೆ ತೀರಿಹೋದ ಯಜಮಾನನ ಫೋಟೊ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಇರುತ್ತದೆ, ಪ್ಲಾಸ್ಟಿಕ್ ಹಾರ, ಸಣ್ಣ ಕೆಂಪು ಬಲ್ಬು. ನನ್ನ ಅಪ್ಪನದ್ದೂ ಹಾಗೇ ಉಂಟು. ಅವರಲ್ಲಿ ಫೋಟೊ ಇಡುವ ಕ್ರಮ ಇಲ್ಲ. ಹಾಗಾಗಿ ಆ ಬೇಕರಿಯಲ್ಲಿ ಕಾಕ ಎಂದು ಉಳಿದದ್ದು ಆ ಮೂರು ಕೆಂಪು ಅಕ್ಷರ ಮಾತ್ರ. ನೆಟ್ಟಗೆ ಮಳೆ ಸುರಿಯುವ ದಿನಗಳಲ್ಲಿ ನಮ್ಮಲ್ಲಿ ಗುಡುಗು ಇರುವುದಿಲ್ಲ. ಅದು ಬರುವುದು ಮಳೆಗಾಲ ಹೊರಡುವಾಗ. ಈ ಸಲ ಮಳೆ ಹೊರಡಲು ತಡಮಾಡಿತು. ಜನ ಅಡಿಕೆ ಒಣಗಿಸಲು ಬಿಸಿಲಿಲ್ಲ ಎಂದು ಬೈಯುತ್ತಿದ್ದರು. ನಾವು ಮೂವರು ಮಾತ್ರ ಇನ್ನೂ ಸ್ವಲ್ಪ ದಿನ ಸುರಿಯಲಿ ಎನ್ನುತ್ತಿದ್ದೆವು.

ಹೊಸ ಮಿಷನ್ನಿನ ವಿಡಿಯೊ ಬಂದದ್ದು ಆಗಲೇ. ಅದರ ಹೆಸರು 'ಘಾಟಿ'. ಗುಂಡು ಒಂದು ಪುಟ್ಟ ಲಾರಿಯ ಹಿಂದೆ ತಿರುವು ತಿರುವಾಗಿ ಏರುತ್ತದೆ. ದಿನವೂ ಘಾಟಿಯ ಲಾರಿಗಳ ಹೊಗೆ ಕುಡಿಯುವ ಸಂಪಾಜೆಯ ಮೇಷ್ಟ್ರಿಗೆ ಅದನ್ನು ಆಟದಲ್ಲೂ ನೋಡುವ ಆಸೆ ಯಾಕೋ, ದೇವರಿಗೇ ಗೊತ್ತು. ಅಕ್ಕ ಮನೆಯಿಂದ ಹೊರಗೆ ಬರಲು ಶುರುಮಾಡಿದ ಮೇಲೆ ಒಂದು ಸಂಜೆ ಮೂವರೂ ಬೇಕರಿಗೆ ಹೋದೆವು. ಅಕ್ಕ ಬ್ರೆಡ್ಡಿನ ಟ್ರೇಯ ಪಕ್ಕ ಸ್ಟೂಲ್ ಹಾಕಿ ಕೂತಿದ್ದರು. ಎಂದಿನ ಹಾಗೆ ನಮ್ಮ ವಾದ ಶುರುವಾಯಿತು.

"ತಿರುವು ನೋಡಿ, ಎಷ್ಟು ಲಾಯ್ಕ ಮಾಡಿದ್ದಾರೆ," ಎಂದರು ಮೇಷ್ಟ್ರು.

"ಪ್ಲಾಸ್ಟಿಕ್ ತಿರುವು. ಒಂದು ವರ್ಷದಲ್ಲಿ ಬಿರುಕು ಬಿಡ್ತದೆ. ಕೈಗಳಿಗೂ ಬಲ ಇಲ್ಲ, ವಿಡಿಯೊದಲ್ಲೇ ಕಾಣ್ತದೆ," ಎಂದರು ರಬ್ಬರಿನವರು.

"ಅದಕ್ಕೆ ನೆನಪು ಉಂಟು ಮಾರಾಯ್ರೆ! ಪ್ಲಗ್ ತೆಗೆದ್ರೂ ಹೆಸರು ಹೋಗುದಿಲ್ಲ." ಮೇಷ್ಟ್ರು ಅಕ್ಕನ ಕಡೆ ತಿರುಗಿದರು. "ಹಳೆಯದಕ್ಕೂ ಆ ನೆನಪಿನ ಕಾರ್ಡ್ ಕಳಿಸ್ತಾರಂತೆ ಅಕ್ಕ. ಹಾಕಿದ್ರೆ ಮತ್ತೆ ಯಾವ ಗುಡುಗಿಗೂ ಹೆದರ್ಬೇಕಂತ ಇಲ್ಲ."

"ಹಾಕುದು ಹೇಗೆ?" ಎಂದು ಅಕ್ಕ ಕೇಳಿದರು.

"ಸುಲಭ. ಮೊದಲು ಪ್ಲಗ್ ತೆಗೆದು..."

ಮೇಷ್ಟ್ರು ಅಲ್ಲಿಗೆ ನಿಲ್ಲಿಸಿದರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಷ್ಟು ದಿನ ಈ ಕಾರ್ಡಿನ ವಿಷಯವನ್ನು ಗುಂಪಿನಲ್ಲಿ ಚರ್ಚಿಸಿದ್ದೇ ಚರ್ಚಿಸಿದ್ದು, ಒಬ್ಬರ ತಲೆಗೂ ಇದು ಹೊಳೆದಿರಲಿಲ್ಲ. ಅಷ್ಟರಲ್ಲಿ ಘಟ್ಟದ ಕಡೆಯಿಂದ ಗುಡುಗು ಕೇಳಿಸಿತು.

ಎದುರು ಅಂಗಡಿಯಲ್ಲಿ ಟಿ.ವಿ. ಬಾಯಿ ಮುಚ್ಚಿತು. ನಮ್ಮ ಬೇಕರಿಯಲ್ಲಿ ಅಳಿಯ ಫ್ರಿಡ್ಜಿನ ಪ್ಲಗ್ ಎಳೆದ.

"ದೂರ ಉಂಟು," ಎಂದರು ರಬ್ಬರಿನವರು.

ಇನ್ನೊಂದು ಗುಡುಗಿತು. ಗಾಜಿನ ಕಪಾಟು ಕಿಣಿ ಕಿಣಿ ಎಂದಿತು.

"ಇನ್ನೂ ದೂರ ಉಂಟು. ಅವಸರ ಎಂತಕ್ಕೆ?" ಕಾಕನ ಎದುರು ಸೋತು ಸೋತು ಹಲ್ಲು ಕಡಿಯುತ್ತಿದ್ದ ಮನುಷ್ಯ ಈಗ ಆ ಸ್ವಿಚ್ ಬೋರ್ಡಿಗೆ ಅಡ್ಡ ನಿಂತಿದ್ದರು. ಮೇಷ್ಟ್ರು ಫೋನ್ ತೆಗೆದು ಪರದೆಗೆ ಹಿಡಿದರು.

"ಫೋಟೊ ಬೇಡ ಮೇಷ್ಟ್ರೇ," ಎಂದು ಅಕ್ಕ ಎದ್ದರು. "ನಮ್ಮಲ್ಲಿ ಆ ಕ್ರಮ ಇಲ್ಲ. ಅವರು ಇದ್ದಿದ್ರೆ ಮೊದಲನೇ ಗುಡುಗಿಗೇ ತೆಗೀತಿದ್ರು. ನಾವು ಕೂತು ನೋಡ್ತಾ ಇದ್ದೇವೆ, ಮಿಷನ್ ಸುಟ್ಟು ಹೋದ್ರೆ ಅವರು ಬೈಯುದಿಲ್ವಾ? ನೀವು ಬದಿಗೆ ಬನ್ನಿ."

ರಬ್ಬರಿನವರು ಬದಿಗೆ ಬಂದರು. ಅಕ್ಕ ಪ್ಲಗ್ ಎಳೆದರು.

ಹೇಳುವುದಕ್ಕೆ ನಾಚಿಕೆ ಎಂತದ್ದು, ಜೂನಿನಲ್ಲಿ ಬಾರದ ಅಳು ನನಗೆ ಆಗ ಬಂತು. ಮಸೀದಿಯ ಅಂಗಳದ ಹೊರಗೆ ನಿಂತಾಗಲೂ ಎಲ್ಲೋ ಒಂದು ಕಡೆ ಕಾಕ ಬೇಕರಿಯಲ್ಲಿದ್ದಾರೆ ಎಂದೇ ಇತ್ತು. ಆ ಕತ್ತಲ ಕೋಣೆಯಲ್ಲಿ ಬ್ರೆಡ್ಡಿನ ವಾಸನೆಯ ನಡುವೆ ಅವರು ತೀರಿಹೋದದ್ದು ನನಗೆ ಗೊತ್ತಾಯಿತು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಾ ಕೂತೆ. ಹೊರಗೆ ಮಳೆ ಹೊಯ್ಯಿತು, ಅಳಿಯ ಇನ್ವರ್ಟರ್ ಕೂಡ ಬಂದ್ ಮಾಡಿ ಮೇಣದಬತ್ತಿ ಮತ್ತು ಚಾ ತಂದಿಟ್ಟ. ಯಾರೂ ಘಾಟಿಯ ಮಾತೆತ್ತಲಿಲ್ಲ.

ಮಳೆ ಬಿಟ್ಟ ಮೇಲೆ ಅಕ್ಕನೇ ಪ್ಲಗ್ ಹಾಕಿದರು. ಆನೆ ಒಮ್ಮೆ ಸೊಂಡಿಲು ಎತ್ತಿ ಇಳಿಸಿತು. ಪರದೆಯಲ್ಲಿ ಐದು ಸಾಲೂ ಖಾಲಿ. ನಾವು ಹೊರಡುವುದೇ ಎಂದು ಚಪ್ಪಲಿ ಹುಡುಕುತ್ತಿದ್ದೆವು.

"ಎಲ್ಲಿಗೆ ಹೋಗುದು? ಬೋರ್ಡ್ ಹಾಕಿ ಆಗ್ಲಿಲ್ಲ," ಎಂದರು ಅಕ್ಕ. "ಯಾವುದನ್ನು ಎಳೆಯುದು?"

ಅಷ್ಟು ವರ್ಷ ಆ ಕೋಣೆಗೆ ಚಾ ಕಳಿಸಿದವರು ಮಿಷನ್ ಮುಟ್ಟಿದ್ದು ಅದೇ ಮೊದಲು. ಸ್ಪ್ರಿಂಗ್ ಎಳೆದು ಬಿಟ್ಟು ಗಂಡನ ಹಾಗೆಯೇ ಕೈ ಕಟ್ಟಿ ನಿಂತರು. ಗುಂಡು ಮಾತ್ರ ಬೀಳಲೊಲ್ಲದು. ಆನೆಗೆ ಬಡಿಯಿತು, ಗಂಟೆ ಹೊಡೆಯಿತು, ಮೇಲೆ ಹೋಯಿತು, ಪುನಃ ಆನೆಗೆ ಬಡಿಯಿತು. "ಅಲ್ಲಾ, ಇದು ಬೀಳುದೇ ಇಲ್ವಾ ಮಾರಾಯ್ರೆ?" ಎಂದು ಅಕ್ಕ ನಗುವಾಗ ನಾವೂ ನಕ್ಕೆವು. ಕೊನೆಗೆ ಬಿತ್ತು. ಪರದೆ ಹೆಸರು ಕೇಳಿತು. ಬಟನ್ ಒತ್ತಿದ ಹಾಗೆ ಎ, ಬಿ, ಸಿ ಎಂದು ಅಕ್ಷರ ಮುಂದೆ ಹೋಗುತ್ತದೆ. ಅಕ್ಕನಿಗೆ ಆ ದೂರ ಕಾಣದು. ಅಕ್ಷರ ಓದಿಸುವುದು ನನ್ನ ಹೊಟ್ಟೆಪಾಡಲ್ಲವೇ, ಪಕ್ಕದಲ್ಲಿ ನಿಂತೆ. ಇನ್ನೂ ಮುಂದೆ ಅಕ್ಕ, ಇನ್ನೂ ಮುಂದೆ, ಹಾಂ, ಅದೇ ಯು. ಇನ್ನು ಎನ್. ಮೂರೂ ಅಕ್ಷರ ಕೆಂಪಗೆ ಹೊತ್ತಿಕೊಂಡವು.

"ಈಗ ಕಾಣ್ತದಾ?" ಎಂದು ಬಾಯಿಗೆ ಬಂದುಬಿಟ್ಟಿತು.

"ಕೆಂಪು ಕಾಣ್ತದೆ, ಸಾಕು," ಎಂದು ಬದಿಗೆ ಸರಿದರು. "ಇನ್ನು ಆಡಿ."

ಕೊಯಮತ್ತೂರಿಗೆ ನೆನಪಿನ ಕಾರ್ಡ್ ಬೇಡ ಎಂದು ಮೇಷ್ಟ್ರು ಬರೆದರು. ಘಾಟಿ ಬೇಕೋ ಬೇಡವೋ ಎಂಬ ಚರ್ಚೆ ಇನ್ನೂ ನಡೆದಿದೆ, ನನಗಂತೂ ಬೇಸರ ಬಂದಿದೆ. ಅದಾಗಿ ಇನ್ನೂ ಕೆಲವು ಸಲ ಗುಡುಗಿತು, ಪ್ರತಿ ಸಲವೂ ಅಕ್ಕ ಬೋರ್ಡ್ ಹಾಕಿದರು. ಈಗ ಜನವರಿ. ಆಕಾಶದಲ್ಲಿ ಮೋಡದ ತುಣುಕಿಲ್ಲ, ಪ್ಲಗ್ ತೆಗೆದು ಹೊಸದಾಗಿ ಬೋರ್ಡ್ ಹಾಕುವ ಪ್ರಮೇಯವೂ ಇಲ್ಲ. ಬಂದು ಹೋದವರು ಆಡಿ ಆಡಿ ಯು, ಎನ್, ಟಿ ಒಂದೊಂದೇ ಸಾಲು ಕೆಳಗಿಳಿದು ಐದನೆಯದಕ್ಕೆ ಬಂದು ನಿಂತಿದೆ. ಇನ್ನೊಬ್ಬರು ಸ್ವಲ್ಪ ಚೆನ್ನಾಗಿ ಆಡಿದರೆ ಪರದೆಯಿಂದ ಹೊರಗೆ. ಆಡದೆ ಕೂತರೆ ಅಕ್ಕ ಬಿಡುವುದಿಲ್ಲ, "ನೋಡ್ಲಿಕ್ಕೆ ಬಂದದ್ದಾ?" ಎನ್ನುತ್ತಾರೆ. ಹಾಗಾಗಿ ಆಡುತ್ತೇವೆ. ರಬ್ಬರಿನವರು ಎಂಥ ಆಟಗಾರರು! ಈಗ ಸುಲಭದ ಗುಂಡು ಕೂಡ ಅವರ ಕಣ್ಣೆದುರೇ ಸಂದಿಗೆ ಹೋಗುತ್ತದೆ. "ಛೆ, ಕೈ ಜಾರಿತು" ಎನ್ನುತ್ತಾರೆ. ಮೇಷ್ಟ್ರದ್ದೂ ಜಾರುತ್ತದೆ, ನನ್ನದೂ ಜಾರುತ್ತದೆ. ಯಾರೂ ಯಾರ ಮುಖವನ್ನೂ ನೋಡುವುದಿಲ್ಲ.

ಮೊನ್ನೆ ಅಂಗಡಿಯಲ್ಲಿ ಒಬ್ಬರಿಗೆ ಸಾಲು ಓದಿಸುತ್ತಿರುವಾಗ ಹೊರಗೆ ಏನೋ ದಡಬಡ ಸದ್ದಾಯಿತು. ನಾನು ಲೆನ್ಸು ಕೈಯಲ್ಲಿ ಹಿಡಿದೇ ಎದ್ದು ಬಾಗಿಲಿಗೆ ಓಡಿದೆ.

"ಗುಡುಗಿದ್ದಾ?"

"ಈ ಬಿಸಿಲಿಗಾ ಮಾರಾಯ್ರೆ?" ಎಂದರು ಅವರು ಒಂದು ಕಣ್ಣು ಮುಚ್ಚಿಕೊಂಡೇ. "ಪಕ್ಕದವರು ಶಟರ್ ಎಳೆದದ್ದು. ಬನ್ನಿ, ನನಗೆ ಇನ್ನೂ ಕೊನೆಯ ಸಾಲು ಉಂಟು."